ಹಳೆ 207: ಬೆಳಿಗ್ಗೆ ಗಡಗಡ ನಡುಗುತ್ತೆ, ಏರಲ್ಲಿ ಉಸಿರು ಕಟ್ಟುತ್ತೆ

ಖಾಂಡ್ಯ ಕಾಫಿ:
ಎಲ್ಲರಿಗೂ ನಮಸ್ಕಾರ. ಗಾಡಿ 2007ರ ಟಾಟಾ 207 ಡಿಐ ಪಿಕಪ್. ನಾಲ್ಕು ಸಿಲಿಂಡರ್, 2956 ಸಿಸಿ, ಟರ್ಬೊ ಇಲ್ಲ, ಇಂಜೆಕ್ಟರುಗಳಿಗೆ ಡೀಸೆಲ್ ತಳ್ಳೋದು ರೋಟರಿ ಪಂಪ್. ಅಪ್ಪ ತಗೊಂಡಿದ್ದು. ಎಷ್ಟು ಓಡಿದೆ ಅಂತ ಕೇಳ್ಬೇಡಿ, ಮೀಟರ್ ಕೇಬಲ್ ಎರಡು ಸಲ ತುಂಡಾಗಿದೆ.

ತೊಂದರೆ ಎರಡು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎರಡು ಮೂರು ನಿಮಿಷ ಇಡೀ ಕ್ಯಾಬಿನ್ ನಡುಗುತ್ತೆ, ಕನ್ನಡಿಯಲ್ಲಿ ಹಿಂದಿನ ಕಣ ಕಾಣದಷ್ಟು. ಬಿಳಿ ಹೊಗೆ, ಕಣ್ಣು ಉರಿಯೋ ವಾಸನೆ. ಬಿಸಿಯಾದ್ಮೇಲೆ ಸುಮಾರಾಗಿ ಸರಿಹೋಗುತ್ತೆ. ಎರಡನೇದು ಇದಕ್ಕಿಂತ ಕಷ್ಟದ್ದು. ಕಾಫಿ ಚೆರ್ರಿ ಚೀಲ ಹಾಕ್ಕೊಂಡು ಚಿಕ್ಕಮಗಳೂರು ಕ್ಯೂರಿಂಗ್ ಮಿಲ್ಲಿಗೆ ಹೊರಟ್ರೆ ಹತ್ತು ಹನ್ನೆರಡು ಕಿಲೋಮೀಟರ್ ಚೆನ್ನಾಗಿ ಹೋಗುತ್ತೆ. ಆಮೇಲೆ ಏರಲ್ಲಿ ಮೂರನೇ ಗೇರು ಎಳೆಯಲ್ಲ, ಎರಡಕ್ಕೆ ಹಾಕಿದ್ರೆ ಅದೂ ಎಳೆಯಲ್ಲ, ಕೊನೆಗೆ ಒಂದರಲ್ಲಿ ತೆವಳ್ತಾ ಇದ್ರೆ ಶಾಲೆಗೆ ನಡ್ಕೊಂಡು ಹೋಗೋ ಮಕ್ಕಳು ನಮ್ಮನ್ನ ದಾಟಿ ಹೋಗ್ತಾರೆ. ಪಕ್ಕಕ್ಕೆ ಹಾಕಿ ಹತ್ತು ನಿಮಿಷ ನಿಲ್ಲಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಎಳೆಯುತ್ತೆ.

ಡೀಸೆಲ್ ಫಿಲ್ಟರ್ ಎರಡು ಸಲ ಬದಲಾಯ್ತು, ಏರ್ ಫಿಲ್ಟರ್ ಹೊಸದು. ಮೆಕ್ಯಾನಿಕ್ ಪಂಪ್ ಹೋಗಿದೆ, ಇಪ್ಪತ್ತೆರಡು ಸಾವಿರ ಇಟ್ಕೊಳ್ಳಿ ಅಂದಿದ್ದಾರೆ. ನನ್ನ ಅನುಮಾನ ಬಂಕಿನ ಡೀಸೆಲ್ ಮೇಲೆ. ಯಾಕಂದ್ರೆ ಟ್ಯಾಂಕ್ ಫುಲ್ ಮಾಡಿಸಿದ ದಿನವೇ ಬೇಗ ಕೈಕೊಡುತ್ತೆ. ಏನ್ಮಾಡ್ಲಿ?

ಮಂಡ್ಯ ಮಿನಿಲಾರಿ:
ಪಂಪೇ ಕಣಣ್ಣ, ಯೋಚ್ನೆನೇ ಬ್ಯಾಡ. ನಮ್ದೂ ಹಿಂಗೇ ಆಗಿತ್ತು. ಹದಿನೆಂಟು ಸಾವ್ರ ಕೊಟ್ಟು ಮಾಡಿಸ್ದೆ, ಒಂದ್ ತಿಂಗ್ಳು ಕುದ್ರೆ ಹಂಗೆ ಓಡ್ತು.

ಕಡಲತಡಿ:
ಒಂದು ತಿಂಗಳ ನಂತರ ಎಂತ ಆಯ್ತು ಮಾರಾಯ್ರೆ, ಅದನ್ನು ಹೇಳ್ಲಿಕ್ಕೆ ಬಿಟ್ಟಿರಲ್ಲ?

ಮಂಡ್ಯ ಮಿನಿಲಾರಿ:
ಮತ್ತೆ ಅದೇ ಕತೆ. ಮಾರ್ಬುಟ್ಟೆ.

ದಮ್ಮಾಮ್ ಪಿಕಪ್:
ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿದ್ರಾ? ಇಲ್ಲಿ ನನ್ನ ಹಳೆ ಪಿಕಪ್ ಹೀಗೇ ಒದೀತಿತ್ತು, ಒಂದು ಕಾಯಿಲ್ ಬದಲಿಸಿದ್ದಕ್ಕೆ ಸರಿಹೋಯ್ತು.

ಖಾಂಡ್ಯ ಕಾಫಿ:
ಅಣ್ಣ, ಇದು ಡೀಸೆಲ್. ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ.

ದಮ್ಮಾಮ್ ಪಿಕಪ್:
ಓ, ಕ್ಷಮಿಸಿ. ಇಲ್ಲಿ ಸಣ್ಣ ಪಿಕಪ್ಪು ಹೆಚ್ಚಾಗಿ ಪೆಟ್ರೋಲೇ, ಅದೇ ತಲೆಯಲ್ಲಿತ್ತು.

ಹುಬ್ಬಳ್ಳಿ ಡೀಸೆಲ್:
ಪಂಪ್ ಬಿಚ್ಚಬ್ಯಾಡ್ರಿ. ಇನ್ನೂ ಬಿಚ್ಚಬ್ಯಾಡ್ರಿ. ನಾ ಮೂವತ್ತು ವರ್ಷದಿಂದ ಇದ ಕೆಲಸ ಮಾಡಾಕತ್ತೀನಿ, ಪಂಪ್ ಅಂತ ಹೇಳಿ ಬಂದ ಗಾಡಿ ಒಳಗ ಅರ್ಧಕ್ಕರ್ಧ ಪಂಪಿಂದು ಇರಂಗಿಲ್ಲ. ಪಂಪ್ ಕೆಟ್ಟಿದ್ರ ಹತ್ತು ನಿಮಿಷ ನಿಂದ್ರಿಸಿದ ಕೂಡಲೇ ಅದಕ್ಕ ಹ್ಯಾಂಗ ಬುದ್ಧಿ ಬರ್ತೈತಿ ಹೇಳ್ರಿ?

ಮೊದಲ ಒಂದ ಪ್ರಶ್ನೆ. ಏರಿನ್ಯಾಗ ಎಳೀದ ಹೊತ್ತಿಗೆ, ಕಾಲು ಪೂರ್ತಿ ಒತ್ತಿದಾಗ, ಸೈಲೆನ್ಸರ್ ಹೊಗಿ ಯಾವ ಬಣ್ಣ? ಕನ್ನಡಿ ಒಳಗ ನೋಡ್ರಿ, ಇಲ್ಲಂದ್ರ ಹಿಂದ ಒಬ್ಬನ್ನ ಬೈಕ್ ಮ್ಯಾಲ ಕಳಸ್ರಿ. ಕರ್ರಗ ಹೊಗಿ ಬಂತಂದ್ರ ಡೀಸೆಲ್ ಹೋಗಾಕತ್ತೈತಿ, ಸುಡಾಕ ಗಾಳಿ ಸಾಲಂಗಿಲ್ಲ ಅಂತ ತಿಳೀರಿ. ಹೊಗಿನ ಇಲ್ಲದ ಶಕ್ತಿ ಹೋತಂದ್ರ ಇಂಜಿನ್ನಿಗೆ ಡೀಸೆಲ್ಲ ಮುಟ್ಟವಲ್ದು. ನೀಲಿ ಬಂದ್ರ ಆಯಿಲ್. ಎರಡು ಹಾದಿ ಬ್ಯಾರೆ ಬ್ಯಾರೆ, ಇದನ್ನ ನೋಡದ ಸ್ಪ್ಯಾನರ್ ಹಿಡೀಬಾರ್ದು.

ಮತ್ತ ಎರಡು ತೊಂದ್ರಿ ಅಂದ್ರಲ್ಲ, ಎರಡಕ್ಕೂ ಒಂದ ಕಾರಣ ಅಂತ ತಿಳೀಬ್ಯಾಡ್ರಿ. ಹಳೀ ಗಾಡಿ ಎರಡು ಜಡ್ಡು ಒಟ್ಟಿಗೆ ಇಟಗೊಂಡ ಓಡತೈತಿ.

ಕಡಲತಡಿ:
ಅವರು ಹೇಳಿದ್ದು ಸರಿ ಉಂಟು. ನಾನು ಇನ್ನೂ ಕೆಳಗಿಂದ ಶುರು ಮಾಡ್ತೇನೆ. ಇಂಜಿನಿನದ್ದೇ ತೊಂದರೆ ಅಂತ ಗ್ಯಾರಂಟಿ ಉಂಟಾ? ನಮ್ಮ ಮೀನಿನ ಗಾಡಿ ಒಂದು ಸಲ ಹೀಗೇ ಎಳೀತಿರ್ಲಿಲ್ಲ, ಕಡೆಗೆ ನೋಡಿದ್ರೆ ಹಿಂದಿನ ಬಲಗಡೆ ಬ್ರೇಕ್ ಬಿಡ್ತಾ ಇರ್ಲಿಲ್ಲ. ನಿಂತ ಕೂಡ್ಲೇ ನಾಲ್ಕೂ ಚಕ್ರದ ಹತ್ರ ಕೈ ತಗೊಂಡು ಹೋಗಿ, ಮುಟ್ಲಿಕ್ಕೆ ಬೇಡ. ಒಂದು ಮಾತ್ರ ಒಲೆಯ ಹಾಗೆ ಕಾದಿದ್ರೆ ಗೊತ್ತಾಗ್ತದೆ. ಹತ್ತು ನಿಮಿಷ ನಿಂತು ತಣ್ಣಗಾದ್ರೆ ಬ್ರೇಕ್ ಸಹ ಬಿಡ್ತದೆ, ನಿಮ್ಮ ಲಕ್ಷಣಕ್ಕೆ ಹೊಂದ್ತದೆ.

ಇನ್ನೊಂದು, ಪೆಡಲ್ ಪೂರ್ತಿ ಒತ್ತಿ ಹಿಡೀಲಿಕ್ಕೆ ಒಬ್ಬರನ್ನು ಕೂರಿಸಿ, ಬಾನೆಟ್ ತೆಗ್ದು ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂವಿಗೆ ಮುಟ್ತದಾ ನೋಡಿ. ಕೇಬಲ್ ಹಿಗ್ಗಿ, ಕೆಳಗೆ ಎರಡು ಮ್ಯಾಟ್ ಹಾಕಿ, ಮುಕ್ಕಾಲು ಆಕ್ಸಿಲರೇಟರಲ್ಲೇ ವರ್ಷಗಟ್ಟಲೆ ಓಡಿಸಿದವರಿದ್ದಾರೆ.

ಖಾಂಡ್ಯ ಕಾಫಿ:
ಇವತ್ತು ತಮ್ಮನ್ನ ಬೈಕಲ್ಲಿ ಹಿಂದೆ ಬಿಟ್ಟು ಹೋಗಿ ಬಂದೆ. ಚಕ್ರ ನಾಲ್ಕೂ ಒಂದೇ ಥರ ಬೆಚ್ಚಗಿದೆ. ಹೊಗೆ, ಶುರುವಿನ ಏರುಗಳಲ್ಲಿ ಸ್ವಲ್ಪ ಕಪ್ಪು ಬರುತ್ತೆ, ಅದು ಯಾವಾಗಲೂ ಇದ್ದಿದ್ದೇ. ಆದ್ರೆ ಉಸಿರು ಕಟ್ಟಿದ ಮೇಲೆ, ಕಾಲು ಪೂರ್ತಿ ಒತ್ತಿದ್ರೂ, ಏನೂ ಇಲ್ಲ. ತಮ್ಮ ಹೇಳಿದ್ದು ‘ಸೈಲೆನ್ಸರ್ ಒಣಗಿ ಹೋದಂಗಿತ್ತು’ ಅಂತ.

ಲಿವರ್ ಸ್ಟಾಪಿಗೆ ಬೆರಳು ಅಗಲದಷ್ಟು ಕಡಿಮೆ ಇತ್ತು! ಕೇಬಲ್ ಬಿಗಿ ಮಾಡಿದೆ. ಪಿಕಪ್ ಸ್ವಲ್ಪ ಚುರುಕಾಯ್ತು, ಆದ್ರೆ ಹನ್ನೊಂದನೇ ಕಿಲೋಮೀಟರಿಗೆ ಮತ್ತೆ ಅದೇ ಹಾಡು.

ಹುಬ್ಬಳ್ಳಿ ಡೀಸೆಲ್:
ಬಂತಲ್ರಿ ಹಾದಿಗೆ. ಹೊಗಿ ಇಲ್ಲ, ಅಂದ್ರ ಡೀಸೆಲ್ ಮುಟ್ಟವಲ್ದು. ಈಗ ಟ್ಯಾಂಕಿನಿಂದ ಪಂಪಿನ ತನಕ ಎಲ್ಲೆಲ್ಲಿ ತಡಿಬಹುದು ಅನ್ನೂದು ಲೆಕ್ಕ. ಟ್ಯಾಂಕ್ ಒಳಗ ಹೀರೋ ಪೈಪಿನ ತುದಿಗೆ ಜಾಲರಿ ಇರತೈತಿ. ಆಮ್ಯಾಲ ಲೋಹದ ಪೈಪು, ರಬ್ಬರ್ ಹೋಸು, ಫಿಲ್ಟರ್, ಕೈಪಂಪು, ಕಡೀಕ ರೋಟರಿ ಪಂಪಿನ ಬಾಯಿ. ಪೈಪ್ ಕೂಡೋ ಬಾಂಜೊ ಬೋಲ್ಟ್ ಒಳಗೂ ಕೆಲವೊಂದರಾಗ ಸಣ್ಣ ಜಾಲರಿ ಇರತೈತಿ, ಯಾರೂ ನೋಡಂಗಿಲ್ಲ. ಪಂಪಿನ ಮ್ಯಾಲ, ಕೀ ಬಂದ್ ಮಾಡಿದಾಗ ಡೀಸೆಲ್ ನಿಂದ್ರಸೋ ಸ್ಟಾಪ್ ಸೊಲೆನಾಯ್ಡ್ ಇರತೈತಿ, ಅದರ ವಾಯರ್ ಒಮ್ಮೆ ಅಲ್ಲಾಡಿಸಿ ನೋಡ್ರಿ, ಲೂಸ್ ಇದ್ರ ಕುಣಿಕುಣಿದು ಡೀಸೆಲ್ ಕಡೀತೈತಿ. ಆದ್ರ ಅದು ಹತ್ತು ಕಿಲೋಮೀಟರ್ ಕಾಯಂಗಿಲ್ಲ, ತಗ್ಗಿಗೆ ಬಿದ್ದಾಗೊಮ್ಮೆ ಕಾಡತೈತಿ.

ಎರಡು ಪರೀಕ್ಷೆ ಮಾಡ್ರಿ, ಖರ್ಚು ಇನ್ನೂರು ರೂಪಾಯಿ ದಾಟಂಗಿಲ್ಲ.

ಒಂದು, ಫಿಲ್ಟರಿನಿಂದ ಪಂಪಿಗೆ ಹೋಗೋ ಹೋಸ್ ತಗದು ಅದ ಅಳತಿದು ಡೀಸೆಲ್ ತಡ್ಯೋ ಪಾರದರ್ಶಕ ಪೈಪ್ ಹಾಕ್ರಿ, ಪೈಪಿನ ಒಳಗಿನ ಗಾಳಿ ಹೊರಗ ತಗೀರಿ, ಓಡಸ್ರಿ. ಬಂಗಾರದ ಬಣ್ಣದ ಡೀಸೆಲ್ ಗುಳ್ಳಿ ಇಲ್ಲದ ಹರೀಬೇಕು. ಗುಳ್ಳಿ ಬಂದ್ರ ಎಲ್ಲೋ ಗಾಳಿ ಎಳಕೊಳ್ಳಾಕತ್ತೈತಿ. ನೆನಪಿರ್ಲಿ, ಇದು ಹೀರೋ ಬದಿ. ಇಲ್ಲಿ ಬಿರುಕು ಬಿಟ್ರ ಡೀಸೆಲ್ ಹೊರಗ ಸೋರಂಗಿಲ್ಲ, ಗಾಳಿ ಒಳಗ ಹೋಗತೈತಿ. ಹೊರಗಿಂದ ಒಣಾ ಒಣಾ ಇರತೈತಿ, ಅದಕ್ಕ ಕಣ್ಣಿಗೆ ಬೀಳಂಗಿಲ್ಲ.

ಎರಡು, ಅದರಿಂದ ತಿಳೀಲಿಲ್ಲಂದ್ರ ಐದು ಲೀಟರ್ ಕ್ಯಾನ್ ಇಂಜಿನ್ನಿಗಿಂತ ಎತ್ತರಕ್ಕ ಕಟ್ಟಿ, ಅದರಿಂದ ಸೀದಾ ಫಿಲ್ಟರಿಗೆ ಹೋಸ್ ಕೊಡ್ರಿ. ಉಳಿದ ಡೀಸೆಲ್ ವಾಪಸ್ ತರೋ ರಿಟರ್ನ್ ಪೈಪೂ ಕ್ಯಾನಿಗೇ ಬಿಡ್ರಿ. ಸೈಲೆನ್ಸರಿಂದ ದೂರ ಇರ್ಲಿ, ಭದ್ರ ಕಟ್ರಿ, ಸಾವಕಾಶ ಹೋಗ್ರಿ. ಅದ ಏರು ಹತ್ತಿತಂದ್ರ ಪಂಪ್ ಚಲೋ ಐತಿ, ತೊಂದ್ರಿ ಟ್ಯಾಂಕಿನ ಕಡೀಗೈತಿ.

ಕಾಮನ್‌ರೈಲ್ ಕುಮಟಾ:
ನಡುವೆ ಬಾಯಿ ಹಾಕ್ತಿದ್ದೇನೆ. ನನ್ನದು 2015ರ ಕಾಮನ್ ರೈಲ್ ಪಿಕಪ್, ಅಂದ್ರೆ ಎಲ್ಲಾ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗೋದು. ಐಡಲಿನಲ್ಲಿ ನಡುಗುತ್ತದೆ. ಯಾವ ಸಿಲಿಂಡರ್ ಅಂತ ನೋಡಲು ಇಂಜೆಕ್ಟರ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸು ಅಂತ ಪಕ್ಕದ ಮನೆಯವರು ಹೇಳ್ತಾರೆ. ಮಾಡಬಹುದಾ?

ಹುಬ್ಬಳ್ಳಿ ಡೀಸೆಲ್:
ಕೈ ಮುಗೀತೀನಿ, ಮಾಡಬ್ಯಾಡ್ರಿ! ಹಳೀ ಪಂಪಿನ ಗಾಡಿ ಬ್ಯಾರೆ, ನಿಮ್ದು ಬ್ಯಾರೆ. ಕಾಮನ್ ರೈಲಿನ್ಯಾಗ ಒತ್ತಡ ಸಾವಿರ ಬಾರ್ ದಾಟತೈತಿ. ಕೂದಲದಷ್ಟು ಸಂದು ಸಿಕ್ರ ಸಾಕು, ಡೀಸೆಲ್ ಸೂಜಿ ಹಂಗ ಚರ್ಮದೊಳಗ ಹೊಕ್ಕತೈತಿ. ಹೊರಗ ಇರುವಿ ಕಡದಂಗ ಒಂದ ಚುಕ್ಕಿ ಕಾಣತೈತಿ, ಒಳಗ ಮಾಂಸ ಸಾಯತೈತಿ. ಹಂಗ ಆದ್ರ ಅರಿಶಿಣ ಹಚ್ಚಕೋತ ಕುಂದ್ರಬಾರ್ದು, ಅದ ತಾಸಿನ್ಯಾಗ ಆಸ್ಪತ್ರಿಗೆ ಹೋಗಿ ‘ಒತ್ತಡದ ಡೀಸೆಲ್ ಹೊಕ್ಕೈತಿ’ ಅಂತ ಬಾಯಿಬಿಟ್ಟು ಹೇಳಬೇಕು. ನಿಮ್ಮ ಗಾಡಿಗೆ ಸ್ಕ್ಯಾನರ್ ಹಚ್ಚಸ್ರಿ. ಯಾವ ಇಂಜೆಕ್ಟರಿಗೆ ಎಷ್ಟು ಕರೆಕ್ಷನ್ ಕೊಡಾಕತ್ತೈತಿ ಅಂತ ಅದ ತೋರಸ್ತೈತಿ, ರಿಟರ್ನ್ ಎಷ್ಟು ಬರತೈತಿ ಅಂತ ನಾಕು ಬಾಟ್ಲಿ ಹಚ್ಚಿ ಅಳೀತಾರ.

ಕಾಮನ್‌ರೈಲ್ ಕುಮಟಾ:
ಸರಿ, ಸ್ಪ್ಯಾನರ್ ಒಳಗಿಟ್ಟೆ.

ಖಾಂಡ್ಯ ಕಾಫಿ:
ಮೂರು ದಿನ ಮಳೆ, ಕೆಲಸ ಆಗಿರ್ಲಿಲ್ಲ. ಇವತ್ತು ಪಾರದರ್ಶಕ ಪೈಪ್ ಹಾಕಿದೆ. ಮನೆ ಹತ್ರ ಒಂದು ಗುಳ್ಳೆ ಇಲ್ಲ, ಜೇನುತುಪ್ಪದ ಹಾಗೆ ಹರೀತಿತ್ತು. ಹತ್ತು ಕಿಲೋಮೀಟರ್ ಆದ್ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದೆ. ಸಾಸಿವೆಯಂಥ ಗುಳ್ಳೆ ಸಾಲಾಗಿ. ಇನ್ನೊಂದು ಕಿಲೋಮೀಟರ್ ಹತ್ತಿಸಿ ನೋಡಿದ್ರೆ ಅರ್ಧ ಪೈಪ್ ಬರೀ ನೊರೆ. ಅಷ್ಟೊತ್ತಿಗೆ ಗಾಡಿ ಸತ್ತೇ ಹೋಗಿತ್ತು. ಹಾಗೇ ಇಂಜಿನ್ ಓಡ್ತಾ ಇಟ್ಟು ನೋಡ್ತಾ ನಿಂತೆ. ಏಳೆಂಟು ನಿಮಿಷದಲ್ಲಿ ಗುಳ್ಳೆ ತಾನಾಗೇ ಕಡಿಮೆ ಆಯ್ತು!

ಬಂಕಿನ ಡೀಸೆಲ್ ಗಾಜಿನ ಬಾಟಲಿಯಲ್ಲಿ ಎರಡು ರಾತ್ರಿ ಇಟ್ಟಿದ್ದೆ. ತಳದಲ್ಲಿ ನೀರು ಇಲ್ಲ, ಕಸ ಇಲ್ಲ. ಬಂಕಿನವರನ್ನ ಸುಮ್ನೆ ಬೈದುಕೊಂಡೆ.

ಮಂಡ್ಯ ಮಿನಿಲಾರಿ:
ಹೋಸ್ ಬಿರುಕು ಕಣಣ್ಣ. ಬಿಸಿ ಆದ್ಮೇಲೆ ಬಿರುಕು ಬಾಯ್ ಬುಡ್ತದೆ.

ಕಡಲತಡಿ:
ಬಿಸಿಗೆ ಅಂತಾದ್ರೆ ಇಂಜಿನ್ ಓಡ್ತಾ ನಿಂತಾಗ ಯಾಕೆ ಸರಿ ಆಗ್ಬೇಕು? ಮತ್ತೆ ಟ್ಯಾಂಕ್ ಫುಲ್ ಇದ್ರೆ ಬೇಗ ಅಂತಾರಲ್ಲ, ಅದು ನನ್ನ ತಲೆ ತಿನ್ತಾ ಉಂಟು.

ಹುಬ್ಬಳ್ಳಿ ಡೀಸೆಲ್:
ಕಡಲತಡಿ ಅಣ್ಣಾರು ಸರಿಯಾದ ಎಳಿ ಹಿಡದಾರ. ನಾನೂ ಅದನ್ನ ಮೊದಲ ದಿನಾನ ಕೇಳಬೇಕಿತ್ತು, ಬಂಕಿನ ಮಾತಿನ್ಯಾಗ ತೇಲಿಸಿಬಿಟ್ಟೆ. ಖಾಂಡ್ಯ ಸಾಹುಕಾರ್ರ, ಮುಂದಿನ ಸಲ ಗಾಡಿ ಸತ್ತ ಕೂಡಲೇ ಬಾನೆಟ್ ಬಿಡ್ರಿ, ಸೀದಾ ಹೋಗಿ ಟ್ಯಾಂಕಿನ ಮುಚ್ಚಳ ತಗೀರಿ. ಕಿವಿ ಅಲ್ಲೇ ಇಡ್ರಿ. ಮತ್ತ ಒಂದು ಹೇಳ್ರಿ, ಈ ತೊಂದ್ರಿ ಶುರುವಾಗೂಕಿಂತ ಮುಂಚೆ ಗಾಡಿಗೆ ಏನೇನು ಹೊಸಾದು ಹಾಕೀರಿ? ಇಂಜಿನ್ನಿಗೆ ಸಂಬಂಧ ಇಲ್ಲದ್ದೂ ಹೇಳ್ರಿ.

ಖಾಂಡ್ಯ ಕಾಫಿ:
ಬ್ಯಾಟರಿ, ಎರಡು ಟಯರ್, ಟಾರ್ಪಾಲು. ಹಾಂ, ಡೀಸೆಲ್ ಕದೀತಾರೆ ಅಂತ ಕಳೆದ ವರ್ಷ ಟ್ಯಾಂಕಿಗೆ ಬೀಗದ ಮುಚ್ಚಳ ಹಾಕಿಸಿದ್ದೆ. ಅಂಗಡಿಯಲ್ಲಿ ಸಿಕ್ಕಿದ್ದು.

ಹುಬ್ಬಳ್ಳಿ ಡೀಸೆಲ್:
ನಾ ಇನ್ನ ಮಾತಾಡಂಗಿಲ್ಲ. ಹೋಗಿ ಮುಚ್ಚಳ ತಗದು ಬಂದು ಹೇಳ್ರಿ.

ಖಾಂಡ್ಯ ಕಾಫಿ:
ಕೂತು ಬರೀತಿದ್ದೀನಿ, ಕೈಯಲ್ಲಿ ಇನ್ನೂ ಡೀಸೆಲ್ ವಾಸನೆ.

ಫುಲ್ ಟ್ಯಾಂಕ್ ಮಾಡಿಸಿ, ಇಪ್ಪತ್ತು ಚೀಲ ಹಾಕ್ಕೊಂಡು ಹೊರಟೆ. ಒಂಬತ್ತನೇ ಕಿಲೋಮೀಟರಿಗೇ ಸತ್ತಿತು. ಓಡಿ ಹೋಗಿ ಬೀಗ ತೆಗೆದು ಮುಚ್ಚಳ ತಿರುಗಿಸಿದೆ, ಬರ್ಲಿಲ್ಲ. ಯಾರೋ ಒಳಗಿಂದ ಹಿಡ್ಕೊಂಡಿದ್ದಾರೆ ಅನ್ನೋ ಹಾಗಿತ್ತು. ಎರಡೂ ಕೈ ಹಾಕಿ ತಿರುಗಿಸಿದ್ರೆ ಕುಕ್ಕರ್ ಉಲ್ಟಾ ಕೂಗಿದ ಹಾಗೆ ಸುಂಯ್ ಅಂತ ಗಾಳಿ ಒಳಗೆ ಹೋಯ್ತು, ಟ್ಯಾಂಕಿನ ತಗಡು ‘ಡಬ್’ ಅಂತು. ಆ ಡಬ್ ಸದ್ದು ನಾನು ಎಷ್ಟೋ ಸಲ ಕೇಳಿದ್ದೀನಿ, ಹಿಂದೆ ಚೀಲ ಜರುಗಿತು ಅಂದ್ಕೊಳ್ತಿದ್ದೆ! ಮುಚ್ಚಳ ತೆಗೆದ ತಕ್ಷಣ ಹೊರಟೆ, ಮೂರನೇ ಗೇರಲ್ಲೇ ಏರು ಹತ್ತಿತು. ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಚಿಕ್ಕಮಗಳೂರಿಗೆ ಹೋಗಿ ಬಂದೆ, ಒಂದು ಸಲವೂ ನಿಲ್ಲಿಸಿಲ್ಲ.

ಸಂಜೆ ಟ್ಯಾಂಕಿನ ಮೇಲಿಂದ ಚಾಸಿ ಪಕ್ಕ ಇಳಿಯೋ ಸಣ್ಣ ಗಾಳಿ ಕೊಳವೆ ಬಿಚ್ಚಿದೆ. ತುದಿಯಲ್ಲಿ ಸಿಮೆಂಟು ಹಾಕಿದ ಹಾಗೆ ಮಣ್ಣು. ಕಡ್ಡಿ ಹಾಕಿ ಕುಕ್ಕಿದ್ರೆ ಒಳಗಿಂದ ಒಣಗಿದ ಜೇಡಗಳು ಉದುರಿದ್ವು, ಎಂಟೋ ಹತ್ತೋ. ಮಣ್ಣಿನ ಗೂಡು ಕಟ್ಟೋ ಕಣಜದ ಕೆಲಸ.

ಮಂಡ್ಯ ಮಿನಿಲಾರಿ:
ಕಡಜ! ಹದಿನೆಂಟ್ ಸಾವ್ರ ಹೋಯ್ತಲ್ಲಪ್ಪ ನಂದು. ನಂದೂ ಬೀಗದ ಮುಚ್ಚಳಾನೇ ಇತ್ತು.

ಕಡಲತಡಿ:
ಈಗ ಫುಲ್ ಟ್ಯಾಂಕಿನ ಲೆಕ್ಕ ಸರಿ ಕೂತಿತು ನೋಡಿ. ಟ್ಯಾಂಕ್ ತುಂಬಿದ್ರೆ ಮೇಲೆ ಗಾಳಿಗೆ ಜಾಗ ಎರಡು ಮೂರು ಲೀಟರ್ ಮಾತ್ರ. ಎರಡು ಲೀಟರ್ ಡೀಸೆಲ್ ಉರಿದು ಹೋದ್ರೆ ಅಷ್ಟೇ ಗಾಳಿ ಹೆಚ್ಚುಕಡಿಮೆ ಇಮ್ಮಡಿ ಜಾಗಕ್ಕೆ ಹಿಗ್ಗಬೇಕು, ಒತ್ತಡ ದಡ್ಡನೆ ಬೀಳ್ತದೆ. ಅರ್ಧ ಟ್ಯಾಂಕ್ ಇದ್ರೆ ಮೇಲೆ ಮೂವತ್ತು ಲೀಟರ್ ಗಾಳಿ ಉಂಟು, ಎರಡು ಲೀಟರ್ ಹೋದ್ರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪಂಪ್ ಆ ನಿರ್ವಾತದ ಎದುರು ಎಳೆದೂ ಎಳೆದೂ, ಕಡೆಗೆ ಹೋಸಿನ ಸಂದಿಯಿಂದ ಗಾಳಿ ನುಂಗಿತು.

ಹುಬ್ಬಳ್ಳಿ ಡೀಸೆಲ್:
ಬರೋಬ್ಬರಿ. ನಿಂತಾಗ ಅದ ಸಂದಿಯಿಂದ ಗಾಳಿ ಸಾವಕಾಶ ಟ್ಯಾಂಕಿಗೂ ಹೊಕ್ಕೊಂಡು ಸಮ ಆಗತಿತ್ತು. ಹಳೀ ಮುಚ್ಚಳದಾಗ ಸಣ್ಣ ತೂತು ಇತ್ತು, ಅದಕ್ಕ ಹುಳ ಕೊಳವಿ ಮುಚ್ಚಿದ್ರೂ ನಡೀತಿತ್ತು. ಬೀಗದ ಮುಚ್ಚಳ ಬಂದ ಮ್ಯಾಲ ಎರಡೂ ಹಾದಿ ಬಂದ್.

ಅಂದ್ರ ಹೋಸಿನ್ಯಾಗೂ ಸಂದಿ ಐತಿ, ಅದನ್ನ ಬಿಡಬ್ಯಾಡ್ರಿ. ಟ್ಯಾಂಕಿಂದ ಫಿಲ್ಟರ್ ತನಕ ರಬ್ಬರ್ ಎಲ್ಲಾ ಹೊಸಾದು ಹಾಕ್ರಿ, ಕ್ಲಿಪ್ಪೂ ಹೊಸಾದು. ಗಾಳಿ ನುಂಗಕೋತ ಬಹಳ ದಿನ ಓಡಿಸಿದ್ರ ರೋಟರಿ ಪಂಪ್ ಖರೇನ ಹೋಗತೈತಿ, ಅದಕ್ಕ ಡೀಸೆಲ್ಲ ಎಣ್ಣಿ, ಬ್ಯಾರೆ ಆಯಿಲ್ ಇಲ್ಲ.

ಇನ್ನ ಮುಂಜಾನಿ ನಡುಕ. ಅದು ಬ್ಯಾರೆ ಜಡ್ಡು. ನಿಮ್ದು ಹಳೀ ಪಂಪ್, ಅದಕ್ಕ ನಟ್ಟಿನ ಪರೀಕ್ಷೆ ನಡೀತೈತಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಐಡಲಿನ್ಯಾಗ, ಕನ್ನಡಕ ಹಾಕ್ಕೊಂಡು, ನಟ್ಟಿನ ಮ್ಯಾಲ ದಪ್ಪ ಅರಿವಿ ಮುಚ್ಚಿ, ಇಂಜೆಕ್ಟರ್ ಕಡಿ ನಟ್ಟು ಅರ್ಧ ಸುತ್ತು ಸಡಿಲ ಮಾಡ್ರಿ. ಇಂಜಿನ್ ಸದ್ದು ಕುಸದ್ರ ಆ ಸಿಲಿಂಡರ್ ದುಡ್ಯಾಕತ್ತಿತ್ತು ಅಂತ ಅರ್ಥ. ಬಿಗಿ ಮಾಡಿ ಮುಂದಿಂದಕ್ಕ ಹೋಗ್ರಿ. ಯಾವುದರಾಗ ಸಡಿಲಿಸಿದ್ರೂ ಸದ್ದು ಬದಲಾಗಂಗಿಲ್ಲೋ, ಅಂವ ಪುಕ್ಕಟ ಊಟ ಮಾಡೋ ಮನಷಾ.

ಖಾಂಡ್ಯ ಕಾಫಿ:
ಒಂದನೇದು, ಎರಡನೇದು, ನಾಲ್ಕನೇದು ಸಡಿಲಿಸಿದಾಗ ಸದ್ದು ಕುಸೀತು. ಮೂರನೇ ಸಿಲಿಂಡರ್ ಸಡಿಲಿಸಿದ್ರೆ ಏನೂ ವ್ಯತ್ಯಾಸ ಇಲ್ಲ. ಬಿಳಿ ಹೊಗೆ ಕೂಡ ಕಡಿಮೆ ಆಯ್ತು. ಹಾಗಾದ್ರೆ ಸಿಲಿಂಡರೇ ಹೋಗಿದ್ಯಾ?

ಹುಬ್ಬಳ್ಳಿ ಡೀಸೆಲ್:
ಹೆದರಬ್ಯಾಡ್ರಿ. ಬಿಸಿ ಆದ ಮ್ಯಾಲ ದುಡೀತೈತಿ ಅಲ್ಲ? ಹಂಗಿದ್ರ ಮೊದಲ ನೋಡೂದು ನಾಝಲ್, ಅಂದ್ರ ಇಂಜೆಕ್ಟರಿನ ಮೂತಿ. ಜಿನುಗೋ ನಾಝಲ್ ಡೀಸೆಲ್ಲನ್ನ ಮಂಜಿನಂಗ ಸಿಂಪಡಿಸಂಗಿಲ್ಲ, ಹನಿ ಹಾಕತೈತಿ. ತಣ್ಣನ ಸಿಲಿಂಡರಿನ್ಯಾಗ ಹನಿ ಸುಡಂಗಿಲ್ಲ, ಬಿಳಿ ಹೊಗಿ ಆಗಿ ಹೋಗತೈತಿ. ನಾಕೂ ಇಂಜೆಕ್ಟರ್ ಬಿಚ್ಚಿ ಪಂಪ್ ಅಂಗಡ್ಯಾಗ ಟೆಸ್ಟರಿಗೆ ಹಾಕಸ್ರಿ. ಅಂವ ಕೈಲೆ ಒತ್ತುವಾಗ ಸ್ಪ್ರೇ ಮುಂದ ಬೆರಳು ತರಬ್ಯಾಡ್ರಿ. ಬಿಚ್ಚೂಕಿಂತ ಮುಂಚೆ ವಾಲ್ವಿನ ಟ್ಯಾಪೆಟ್ ಸಂದು ನೋಡ್ರಿ. ಇಂಜೆಕ್ಟರ್ ಚಲೋ ಬಂದ್ರ ಆವಾಗ ಸಿಲಿಂಡರಿನ ಕಂಪ್ರೆಷನ್ ನೋಡ್ರಿ.

ಮುಖ್ಯ ಮಾತು, ಇಂಜೆಕ್ಟರ್ ಕೆಳಗ ತಾಮ್ರದ ವಾಷರ್ ಇರತೈತಿ. ಹಳೇದು ಬಿಲದೊಳಗ ಅಂಟಕೊಂಡು ಕುಂತಿರತೈತಿ. ಅದನ್ನ ತಗೀದ ಹೊಸಾದು ಮ್ಯಾಲ ಹಾಕಿದ್ರ ಎರಡಾಗಿ ನಾಝಲ್ ಮೂತಿ ಮ್ಯಾಲ ಉಳೀತೈತಿ. ಟಾರ್ಚ್ ಹಾಕಿ ನೋಡ್ರಿ.

ಕಡಲತಡಿ:
ಬೆಂಗಳೂರಿನ ಆಡುಗೋಡಿಯಲ್ಲಿ ಆದ ಪಂಪು, ನಾಝಲುಗಳನ್ನೇ ನಾವು ಕಣ್ಣು ಮುಚ್ಚಿ ‘ಮೈಕೋ’ ಅಂತ ಕರೀತಿದ್ದದ್ದಲ್ವಾ. 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಹೆಸರು ಬಾಷ್ ಆಯ್ತು. ನಮ್ಮಲ್ಲಿ ಇವತ್ತಿಗೂ ಯಾರೂ ‘ಬಾಷ್ ಪಂಪ್’ ಹೇಳುವುದಿಲ್ಲ.

ಹುಬ್ಬಳ್ಳಿ ಡೀಸೆಲ್:
ಇಲ್ಲೂ ಅಷ್ಟ. ಹುಡುಗೂರಿಗೆ ಬಾಷ್ ಅಂದ್ರ ಡ್ರಿಲ್ ಮಷೀನ್.

ಖಾಂಡ್ಯ ಕಾಫಿ:
ಮುಗಿಯಿತು. ಟ್ಯಾಪೆಟ್ ಎರಡು ಬಿಗಿ ಇತ್ತು, ಸರಿ ಮಾಡಿಸಿದೆ. ಟೆಸ್ಟರಲ್ಲಿ ಮೂರನೇದು ನಿಗದಿಗಿಂತ ತುಂಬಾ ಕಡಿಮೆ ಒತ್ತಡದಲ್ಲೇ ತೆರೆದು, ತುದಿಯಲ್ಲಿ ಮೂಗು ಸೋರಿದ ಹಾಗೆ ಹನಿ ತೂಗ್ತಿತ್ತು. ಒಂದನೇದೂ ಅಷ್ಟಕ್ಕಷ್ಟೇ. ಎರಡಕ್ಕೂ ಹೊಸ ನಾಝಲ್, ನಾಲ್ಕಕ್ಕೂ ಹೊಸ ವಾಷರ್. ಹೇಳಿದ ಹಾಗೇ ಮೂರನೇ ಬಿಲದಲ್ಲಿ ಒಂದು ಹಳೆ ವಾಷರ್ ಕಪ್ಪಗೆ ಅಂಟಿಕೊಂಡಿತ್ತು, ಟಾರ್ಚ್ ಹಾಕದಿದ್ರೆ ಕಾಣ್ತಾನೇ ಇರ್ಲಿಲ್ಲ. ಹೋಸು, ಕ್ಲಿಪ್ಪು, ಕೂಲಿ ಎಲ್ಲಾ ಸೇರಿ ನಾಲ್ಕು ಸಾವಿರದ ಆರುನೂರು.

ಇವತ್ತು ಬೆಳಿಗ್ಗೆ ಮಂಜಲ್ಲಿ ಸ್ಟಾರ್ಟ್ ಮಾಡಿದೆ. ಅಮ್ಮ ಅಡುಗೆ ಮನೆಯಿಂದ ‘ಯಾರ ಗಾಡಿ ಬಂತೋ’ ಅಂದ್ರು.

ಮಂಡ್ಯ ಮಿನಿಲಾರಿ:
ಬೀಗದ ಮುಚ್ಚಳ ಏನ್ ಮಾಡಿದ್ರಿ? ತೂತು ಹೊಡುದ್ರಾ?

ಖಾಂಡ್ಯ ಕಾಫಿ:
ಇಲ್ಲ, ಹಳೆ ಮುಚ್ಚಳವೇ ಹಾಕಿದೆ. ಕೊಳವೆ ತುದಿಗೆ ಸೊಳ್ಳೆ ಪರದೆ ತುಂಡು ಕಟ್ಟಿದ್ದೀನಿ. ಡೀಸೆಲ್ ಕಾಯೋಕೆ ನಾಯಿನ ಗಾಡಿ ಹತ್ರ ಕಟ್ತಿದ್ದೀನಿ, ಅದು ಗಾಡಿ ಅಡಿಗೆ ಹೋಗಿ ನಿದ್ದೆ ಮಾಡುತ್ತೆ.